ಹಳೇ ಪಿಕಪ್‌ಗೆ ಲಿವರ್ ಗ್ರೀಸ್ ಗನ್: ಗನ್ ಪರವಾಗಿಲ್ಲ, ಮೂತಿ ಮಾತ್ರ ಬದಲಾಯಿಸಿ

ಹಳೇ ಪಿಕಪ್ ಇಟ್ಟುಕೊಂಡವರ ಮನೆಯಲ್ಲಿ ಪಾನಾ ಸೆಟ್ ಇರುತ್ತದೆ, ಜಾಕ್ ಇರುತ್ತದೆ. ಮೂರನೇದಾಗಿ ಏನು ತಗೋಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಗ್ರೀಸ್ ಗನ್, ಅಂದರೆ ಗಾಡಿಯ ಕೀಲುಗಳೊಳಗೆ ಗ್ರೀಸ್ ಒತ್ತುವ ಸಾಧನ. ನಾನು ತಗೊಂಡಿದ್ದು 500 ಸಿಸಿಯ ಲಿವರ್ ಗನ್, ಕೈಯಲ್ಲಿ ಒತ್ತುವಂಥದ್ದು, ಬಳ್ಳಾರಿಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. 900 ರೂಪಾಯಿ ಚಿಲ್ಲರೆ ಬಿತ್ತು. ಕಂಪನಿ ಹೆಸರು ಬರೆಯಲ್ಲ, ಬರೆದರೂ ಪ್ರಯೋಜನ ಇಲ್ಲ. ಅದೇ ಶೆಲ್ಫಿನಲ್ಲಿ ಬೇರೆ ಹೆಸರಿನ ಡಬ್ಬಿಯಲ್ಲಿ ಇದೇ ಅಚ್ಚಿನ ಗನ್ ಕೂತಿತ್ತು, ಬಣ್ಣ ಮಾತ್ರ ಬೇರೆ.

ಗಾಡಿ ಬೊಲೆರೋ ಪಿಕಪ್, ಹಳೇ ಡಿಐ ಇಂಜಿನ್ನಿನದು. ಊರು ಸಿರುಗುಪ್ಪದ ಕಡೆ. ಲೋಡು ಅಂದರೆ ಭತ್ತದ ಚೀಲ, ಗೊಬ್ಬರ, ಹುಲ್ಲು, ಮೆಣಸಿನಕಾಯಿ ಸೀಸನ್ ಬಂದರೆ ಬ್ಯಾಡಗಿ ಮಾರ್ಕೆಟ್‌ವರೆಗೆ ಬಾಡಿಗೆ. ಇದನ್ನೆಲ್ಲಾ ಯಾಕೆ ಹೇಳುತ್ತಿದ್ದೇನೆ ಅಂದರೆ, ಗ್ರೀಸ್ ಎಷ್ಟು ಬೇಕು ಅನ್ನೋದು ಗಾಡಿ ಎಲ್ಲಿ ಓಡುತ್ತದೆ ಅನ್ನೋದರ ಮೇಲೆ ಇದೆ. ಕಾಲುವೆಗೆ ನೀರು ಬಿಟ್ಟು ಗದ್ದೆ ನಾಟಿ ಶುರುವಾದರೆ ನಮ್ಮ ಕಡೆ ಹೊಲದ ದಾರಿ ಪೂರ್ತಿ ಎರೆ ಮಣ್ಣಿನ ಕೆಸರು. ಅದು ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಜಾಯಿಂಟ್ ಶಾಫ್ಟ್‌ಗೆ ಮೆತ್ತಿಕೊಂಡರೆ ಒಣಗಿ ಸಿಮೆಂಟ್ ಆಗುತ್ತದೆ. ಬೇಸಿಗೆಯಲ್ಲಿ ತೋರಣಗಲ್ಲು, ಸಂಡೂರು ಕಡೆ ಬಾಡಿಗೆ ಸಿಕ್ಕರೆ ಅದಿರಿನ ಕೆಂಪು ಧೂಳು. ಕೆಸರು ಗ್ರೀಸನ್ನು ತೊಳೆಯುತ್ತದೆ, ಧೂಳು ಗ್ರೀಸಿನ ಜೊತೆ ಸೇರಿ ಲೋಹವನ್ನು ಉಜ್ಜುತ್ತದೆ. ಎರಡೂ ಇರುವ ಜಿಲ್ಲೆಯಲ್ಲಿ ಗಾಡಿ ಓಡಿಸುವವನು ವಾಟರ್ ಸರ್ವಿಸ್‌ನವನು ಹೊಡೆಯುವ ಗ್ರೀಸಿನ ಮೇಲೆ ನಂಬಿಕೆ ಇಟ್ಟು ಕೂರೋದಕ್ಕೆ ಆಗಲ್ಲ.

ಸರ್ವಿಸ್‌ನವರ ಬಕೆಟ್ ಪಂಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಒತ್ತಡ ನನ್ನ ಗನ್ನಿಗಿಂತ ಜಾಸ್ತಿನೇ, ಕೆಲಸನೂ ಬೇಗ. ತಕರಾರು ಇರೋದು ಹೊಡೆಯುವ ರೀತಿಯಲ್ಲಿ. ಮೊದಲು ಕೆಳಗಿಂದ ನೀರು ಹೊಡೆಯುತ್ತಾರೆ, ನಿಪ್ಪಲ್ (ಗ್ರೀಸ್ ಒಳಗೆ ಹೋಗುವ ಸಣ್ಣ ಮೊಳೆಯಂಥ ಬಾಯಿ) ತಲೆ ಮೇಲೆ ಕೆಸರು ಹಾಗೇ ಕೂತಿರುತ್ತದೆ, ಒರೆಸದೆ ಅದರ ಮೇಲೇ ಪಂಪ್ ಮೂತಿ ಇಟ್ಟು ಎರಡು ಸಲ ಒತ್ತಿ ಮುಂದೆ ಹೋಗುತ್ತಾರೆ. ಆ ಕೆಸರು ಹೋಗೋದು ಸೀದಾ ಬೇರಿಂಗ್ ಒಳಗೆ. ಇನ್ನು ಶಾಫ್ಟ್ ತಿರುಗಿ ನಿಪ್ಪಲ್ ಮೇಲಕ್ಕೆ ನಿಂತಿದ್ದರಂತೂ ಅದನ್ನು ಬಿಟ್ಟೇಬಿಡುತ್ತಾರೆ. ಗಾಡಿಯನ್ನು ಅರ್ಧ ಅಡಿ ಮುಂದೆ ತಳ್ಳಿ ನಿಪ್ಪಲ್ ಕೆಳಗೆ ತರುವ ತಾಳ್ಮೆ ಗಾಡಿ ಮಾಲೀಕನಿಗೆ ಮಾತ್ರ ಇರುತ್ತದೆ, ಅಲ್ವಾ?

ಈಗ ಗನ್ ವಿಷಯ. ಬ್ಯಾರಲ್ ಉಕ್ಕಿನ ಕೊಳವೆ, ತಲೆ ಬೀಡಿನದು, ಹಿಂದೆ ಸ್ಪ್ರಿಂಗ್ ಇರುವ ರಾಡ್. ಜೊತೆಗೆ ಒಂದು ಉಕ್ಕಿನ ನೇರ ಪೈಪ್, ಒಂದು ಸಣ್ಣ ರಬ್ಬರ್ ಹೋಸ್, ಒಂದು ಮೂತಿ ಕೊಟ್ಟಿದ್ದರು. ಮೂತಿ ಅಂದರೆ ನಿಪ್ಪಲ್ಲಿಗೆ ಕಚ್ಚುವ ಕಪ್ಲರ್. ಲಿವರ್ ಗಟ್ಟಿಯಾಗಿದೆ, ಒತ್ತಿದಾಗ ಬಗ್ಗಲ್ಲ. ತಲೆಯನ್ನು ಬ್ಯಾರಲ್‌ಗೆ ತಿರುಗಿಸುವ ಥ್ರೆಡ್ ಸ್ವಲ್ಪ ಒರಟು, ಮೊದಲ ಸಲ ಅಡ್ಡಾದಿಡ್ಡಿ ಹತ್ತಿತು, ಒಂದು ಹನಿ ಎಣ್ಣೆ ಹಾಕಿ ಹಿಂದೆ ಮುಂದೆ ತಿರುಗಿಸಿದ ಮೇಲೆ ಸರಿಹೋಯಿತು. ತಲೆಯ ಮೇಲೆ ಗಾಳಿ ಬಿಡುವ ಸಣ್ಣ ಸ್ಕ್ರೂ ಇದೆ. ಎಷ್ಟೋ ಅಗ್ಗದ ಗನ್ನುಗಳಲ್ಲಿ ಈ ಸ್ಕ್ರೂ ಇರೋದೇ ಇಲ್ಲ, ಹಾಗಾಗಿ ಇದಕ್ಕೆ ನನ್ನ ಕಡೆಯಿಂದ ಒಂದು ಮಾರ್ಕ್ ಜಾಸ್ತಿ.

ಗಾಳಿ ಯಾಕೆ ಅಷ್ಟು ಮುಖ್ಯ ಅಂದರೆ, ಆನ್‌ಲೈನ್‌ನಲ್ಲಿ ಇಂಥ ಗನ್ನುಗಳಿಗೆ ಒಂದು ಸ್ಟಾರ್ ಕೊಟ್ಟವರ ಬೈಗುಳ ಓದಿ ನೋಡಿ, ಮುಕ್ಕಾಲು ಪಾಲು ಒಂದೇ ಮಾತು: ಗ್ರೀಸ್ ತುಂಬಿದ್ದೀನಿ, ಎಷ್ಟು ಒತ್ತಿದರೂ ಬರ್ತಿಲ್ಲ, ಡಬ್ಬಾ ಮಾಲು. ಅದು ಮಾಲಿನ ದೋಷ ಅಲ್ಲ, ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಷ್ಟೇ. ಗನ್ ತಲೆಯೊಳಗೆ ಬೆರಳು ಗಾತ್ರದ ಸಣ್ಣ ಪಿಸ್ಟನ್ ಇರುತ್ತದೆ. ಅದರ ಮುಂದೆ ಗ್ರೀಸ್ ಬದಲು ಗಾಳಿ ನಿಂತರೆ, ಒತ್ತಿದಾಗ ಗಾಳಿ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ, ಗ್ರೀಸ್ ಅಲ್ಲಾಡಲ್ಲ. ತಲೆಯನ್ನು ಒಂದು ಸುತ್ತು ಸಡಿಲ ಮಾಡಿ, ಹಿಂದಿನ ರಾಡ್ ಲಾಕ್ ಬಿಟ್ಟು, ಸ್ಪ್ರಿಂಗ್ ಗ್ರೀಸನ್ನು ಮುಂದೆ ತಳ್ಳೋಕೆ ಬಿಡಿ, ಆಮೇಲೆ ಗಾಳಿ ಸ್ಕ್ರೂ ತೆಗೆದು ಲಿವರ್ ಆಡಿಸಿ. ಫುಸ್ ಅಂದು ಗ್ರೀಸ್ ಹೊರಗೆ ಬಂದರೆ ಸ್ಕ್ರೂ ಹಾಕಿ, ತಲೆ ಬಿಗಿ ಮಾಡಿ. ಮುಗೀತು.

ಈ ಗಾಳಿ ಕಾಟಕ್ಕೆ ಮೂಲ ತುಂಬುವ ರೀತಿ. ಹೊರದೇಶದ ವಿಡಿಯೋಗಳಲ್ಲಿ ಕಾರ್ಟ್ರಿಜ್ (ಗ್ರೀಸ್ ತುಂಬಿಯೇ ಬರುವ ಕೊಳವೆ) ಹಾಕಿ, ಚಕ್ ಅಂತ ಮುಚ್ಚಿ ಕೆಲಸ ಶುರು ಮಾಡುತ್ತಾರೆ. ನಮ್ಮ ಅಂಗಡಿಗಳಲ್ಲಿ ಗ್ರೀಸ್ ಸಿಗೋದು ಅರ್ಧ ಕೆಜಿ, ಒಂದು ಕೆಜಿ ಡಬ್ಬಿಯಲ್ಲಿ. ಬ್ಯಾರಲ್‌ನ ಬಾಯನ್ನು ಗ್ರೀಸಿನಲ್ಲಿ ಅದ್ದಿ ಹಿಂದಿನ ರಾಡ್ ಎಳೆದರೆ ಸಿರಿಂಜಿನ ಹಾಗೆ ಒಳಗೆ ಎಳೆದುಕೊಳ್ಳಬೇಕು, ಪುಸ್ತಕದಲ್ಲಿ ಹಾಗೇ ಬರೆದಿದೆ. ಡಬ್ಬಿ ಆಳ ಇದ್ದರೆ ಎಳೆಯುತ್ತದೆ ಕೂಡ. ಅರ್ಧ ಖಾಲಿಯಾದ ಡಬ್ಬಿಯಲ್ಲಿ ಎಳೆದರೆ ಗ್ರೀಸ್ ಜೊತೆ ಗಾಳಿಯೂ ಹೋಗುತ್ತದೆ. ನನಗೆ ಸರಿ ಅನಿಸಿದ ದಾರಿ ಕೈಯಲ್ಲೇ ತುಂಬೋದು. ರಾಡನ್ನು ಸ್ವಲ್ಪ ಎಳೆದು ಲಾಕ್ ಮಾಡಿ, ಚಮಚದಲ್ಲಿ ಗ್ರೀಸ್ ಹಾಕಿ ಒತ್ತಿ, ಮತ್ತೆ ಸ್ವಲ್ಪ ಎಳೆದು ಮತ್ತೆ ಹಾಕಿ. ಬ್ಯಾರಲ್ಲಿನ ತಳವನ್ನು ಹಲಗೆ ಮೇಲೆ ಎರಡು ಸಲ ಕುಟ್ಟಿದರೆ ನಡುವಿನ ಗಾಳಿ ಕೂತುಹೋಗುತ್ತದೆ. ಕೈ ಹೊಲಸಾಗುತ್ತದೆ, ನಿಜ. ಆದರೆ ಗಾಡಿ ಕೆಳಗೆ ಮಲಗಿ ಬರೀ ಗಾಳಿ ಒತ್ತುತ್ತಾ ಬೈಯೋದಕ್ಕಿಂತ ವಾಸಿ.

ಇನ್ನು ಮೂತಿ. ಇದೇ ಈ ಗನ್ನಿನ ದೊಡ್ಡ ಕೊರತೆ. ಜೊತೆಗೆ ಕೊಟ್ಟ ಕಪ್ಲರ್ ಹೊಸ ನಿಪ್ಪಲ್ಲಿಗೆ ಸರಿಯಾಗಿ ಕಚ್ಚುತ್ತದೆ, ತಲೆ ಸವೆದ ಹಳೇ ನಿಪ್ಪಲ್ಲಿಗೆ ಕಚ್ಚಲ್ಲ. ಒತ್ತಿದ ಗ್ರೀಸಿನಲ್ಲಿ ಅರ್ಧ ಪಕ್ಕದಿಂದ ಹೊರಗೆ ಬಂದು ಮೊಣಕೈವರೆಗೆ ಇಳಿಯುತ್ತದೆ. ಗಾಡಿ ಹಳೇದು, ನಿಪ್ಪಲ್ ಎಲ್ಲವೂ ಹೊಸದು ಹೇಗಿರುತ್ತದೆ? ಒಂದು ಕೈಯಲ್ಲಿ ಲಿವರ್, ಒಂದು ಕೈಯಲ್ಲಿ ಬ್ಯಾರಲ್, ಮೂತಿ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು? ಹಾಗಾಗಿ ಲಾಕ್ ಆಗುವ ಕಪ್ಲರ್ ಬೇರೆ ತರಿಸಿದೆ. ಅದರಲ್ಲಿ ಹಿಡಿ ಒತ್ತಿ ನಿಪ್ಪಲ್ ಮೇಲೆ ಇಟ್ಟು ಬಿಟ್ಟರೆ ನಾಲ್ಕು ದವಡೆ ಕಚ್ಚಿ ಹಿಡಿಯುತ್ತವೆ, ಕೆಲಸ ಆದಮೇಲೆ ಹಿಡಿ ಒತ್ತಿದರೆ ಸಲೀಸಾಗಿ ಬರುತ್ತದೆ. ಬೆಲೆ 600ರ ಮೇಲೆ. ಗನ್ನಿನ ಬೆಲೆಯ ಮೂರರಲ್ಲಿ ಎರಡು ಪಾಲು ಬರೀ ಮೂತಿಗೆ ಕೊಡೋದಾ ಅಂತ ಅನಿಸುತ್ತದೆ. ಕೊಡಿ. ಇದು ಇಲ್ಲದಿದ್ದರೆ ಗನ್ ಎರಡು ಸಲ ಉಪಯೋಗಿಸಿ ಮೂಲೆಗೆ ಬಿಸಾಕುತ್ತೀರಿ. ಅಂಗಡಿಯವರು ‘ಅಣ್ಣಾ, ಲಾರಿಯವ್ರೇ ಅದನ್ನ ಕೇಳಲ್ಲ, ನಿಮಗ್ಯಾಕ್ರೀ’ ಅಂದರು. ಲಾರಿಯವರಿಗೆ ಕ್ಲೀನರ್ ಇರುತ್ತಾನೆ, ನನಗೆ ಯಾರಿದ್ದಾರೆ?

ರಬ್ಬರ್ ಹೋಸ್ ಇನ್ನೊಂದು ಪಟ್ಟು ಉದ್ದ ಇದ್ದಿದ್ದರೆ ಚೆನ್ನಾಗಿತ್ತು. ಈಗಿರುವ ಹೋಸಿನಲ್ಲಿ, ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಜಾಯಿಂಟ್ ಹತ್ತಿರ ಗನ್ ಅಡ್ಡ ಹಿಡಿದು ಲಿವರ್ ಆಡಿಸೋಕೆ ಜಾಗ ಸಾಲಲ್ಲ. ಒಂದು ಮಾತು ಮಾತ್ರ ನೆನಪಿಡಿ: ಹೋಸ್ ಹಿಡಿದುಕೊಂಡು ಒತ್ತಬೇಡಿ, ಸೋರುವ ಜಾಗಕ್ಕೆ ಬೆರಳು ಇಡಬೇಡಿ. ಕೈ ಗನ್ನೇ ಆದರೂ ಒಳಗೆ ಚದರ ಇಂಚಿಗೆ ಸಾವಿರಾರು ಪೌಂಡ್ ಒತ್ತಡ ಇರುತ್ತದೆ. ಹೋಸಿನಲ್ಲಿ ಸೂಜಿ ತೂತು ಬಿದ್ದಿದ್ದರೆ ಗ್ರೀಸ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ನೋವೂ ಮೊದಲು ಜಾಸ್ತಿ ಇರಲ್ಲ, ಅರಿಶಿನ ಹಚ್ಚಿ ಸುಮ್ನೆ ಕೂತರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ತಡ ಮಾಡದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಗ್ರೀಸ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಗನ್ ಕೆಲಸ ಹೇಗೆ ಮಾಡುತ್ತದೆ ಅನ್ನೋದು ಗೊತ್ತಾಗೋದು ಜಾಯಿಂಟ್ ಕ್ರಾಸ್‌ನಲ್ಲಿ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ ಹೌಸಿಂಗ್‌ಗೆ ಹೋಗುವ ಶಾಫ್ಟಿನ ಕೀಲುಗಳಲ್ಲಿ ಕೂಡಿಸುವ ಚಿಹ್ನೆಯ (+) ಆಕಾರದ ಕ್ರಾಸ್ ಇರುತ್ತದೆ, ಅದರ ನಾಲ್ಕು ತುದಿಗೂ ಟೋಪಿ, ಟೋಪಿಯೊಳಗೆ ಸೂಜಿ ಬೇರಿಂಗ್. ನಡುವಿನ ಒಂದೇ ನಿಪ್ಪಲ್‌ನಿಂದ ನಾಲ್ಕು ಕಡೆಗೂ ಗ್ರೀಸ್ ಹೋಗಬೇಕು. ನಿಪ್ಪಲ್ ಒರೆಸಿ, ಮೂತಿ ಕಚ್ಚಿಸಿ, ನಿಧಾನಕ್ಕೆ ಒತ್ತಿ. ನಾಲ್ಕೂ ಟೋಪಿಯ ಸೀಲಿನಿಂದ ಹಳೇ ಗ್ರೀಸ್ ಹೊರಗೆ ಬರಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರಲಿಲ್ಲ ಅಂದರೆ ಆ ಒಂದು ಟೋಪಿ ಒಣಗಿ ಕೂತಿದೆ, ಕ್ರಾಸ್ ಹೋಗೋದು ಅಲ್ಲಿಂದಲೇ. ಆ ಕಡೆಯ ಯೋಕನ್ನು (ಕ್ರಾಸನ್ನು ಹಿಡಿದಿರುವ ಕವಲು) ಕೈಯಲ್ಲಿ ಅಲ್ಲಾಡಿಸುತ್ತಾ ಮತ್ತೆ ಒತ್ತಿದರೆ ಕೆಲವು ಸಲ ದಾರಿ ಬಿಡುತ್ತದೆ. ಬಿಡಲಿಲ್ಲ ಅಂದರೆ ಹೊಸ ಕ್ರಾಸಿಗೆ ದುಡ್ಡು ಎತ್ತಿಡಿ. ಕೆಸರಿನಲ್ಲಿ ಓಡಿದ ಗಾಡಿಯಾದರೆ ಮೊದಲು ಬರೋದು ಹಾಲು ಬೆರೆಸಿದ ಚಹಾ ಬಣ್ಣದ ಗ್ರೀಸ್. ಅಂದರೆ ನೀರು ಒಳಗೆ ಹೋಗಿದೆ. ಅದು ಪೂರ್ತಿ ಹೋಗಿ ಹೊಸ ಗ್ರೀಸಿನ ಬಣ್ಣ ಕಾಣುವ ತನಕ ಒತ್ತಬೇಕು. ಗನ್ನಿನಿಂದ ಒಂದು ಒತ್ತಿಗೆ ಬರೋದು ಹೆಚ್ಚೂಕಡಿಮೆ ಒಂದು ಗ್ರಾಂ, ಹಾಗಾಗಿ ಇಲ್ಲಿ ತೋಳು ನೋಯುತ್ತದೆ.

ಒಣಗಿದ ಕ್ರಾಸ್ ಗುರುತು ಹಿಡಿಯೋಕೆ ಎಲ್ಲರೂ ಹೇಳುವ ಲಕ್ಷಣ ಒಂದಿದೆ: ಟೋಪಿ ಸುತ್ತ ಕೆಂಪು ಪುಡಿ. ಸೂಜಿಗಳು ತುಕ್ಕು ಹಿಡಿದು ಪುಡಿಯಾಗಿ ಹೊರಗೆ ಬರುತ್ತವೆ. ಬೇರೆ ಊರಲ್ಲಿ ಇದು ಸುಲಭ. ನಮ್ಮ ಬಳ್ಳಾರಿಯಲ್ಲಿ ಗಾಡಿ ಕೆಳಗೆ ಎಲ್ಲವೂ ಕೆಂಪೇ, ಅದಿರಿನ ಧೂಳು ಯಾವುದು, ತುಕ್ಕು ಯಾವುದು ಹೇಗೆ ಹೇಳೋದು? ಟೋಪಿಗಳನ್ನು ಡೀಸೆಲ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಊರೊಳಗೆ ಒಂದು ಸುತ್ತು ಹೋಗಿ ಬಂದು ಮತ್ತೆ ನೋಡಿ. ಧೂಳಾದರೆ ಶಾಫ್ಟ್ ಮೇಲೆಲ್ಲಾ ತೆಳ್ಳಗೆ ಒಂದೇ ಸಮ ಕೂತಿರುತ್ತದೆ. ತುಕ್ಕಾದರೆ ಒಂದು ಟೋಪಿಯ ಸೀಲ್ ಅಂಚಿನಿಂದ ಮಾತ್ರ, ತಿರುಗುವ ದಿಕ್ಕಿಗೆ ಗೀಟು ಎಳೆದ ಹಾಗೆ ಬಂದಿರುತ್ತದೆ. ಅದರ ಜೊತೆ ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿ ಕ್ಲಚ್ ಬಿಡುವಾಗ ಕೆಳಗಿಂದ ಟಕ್ ಅನ್ನುವ ಸದ್ದು ಇದ್ದರೆ ಗ್ರೀಸ್ ಹೊಡೆದು ಸಮಾಧಾನ ಮಾಡಿಕೊಳ್ಳಬೇಡಿ, ಬಿಚ್ಚಿಸಿ. ಬಿಚ್ಚುವ ಮುಂಚೆ ಶಾಫ್ಟಿನ ಎರಡೂ ಕಡೆ ಪೇಂಟ್ ಗುರುತು ಹಾಕಿಸೋದು ಮರೀಬೇಡಿ. ಸ್ಪ್ಲೈನ್ (ಶಾಫ್ಟಿನ ತುಂಡುಗಳು ಒಂದರೊಳಗೊಂದು ಕೂರುವ ಹಲ್ಲುಗಳ ಜಾಗ) ಒಂದು ಹಲ್ಲು ತಪ್ಪಿ ಕೂಡಿಸಿದರೂ ಗಾಡಿ ನಡುಗುತ್ತದೆ, ಆಮೇಲೆ ಮಿಸ್ತ್ರಿ ಟೈರ್ ಮೇಲೆ ತಪ್ಪು ಹಾಕುತ್ತಾನೆ.

ಶಾಫ್ಟ್ ಹಿಂದೆ ಮುಂದೆ ಜಾರುವ ಸ್ಪ್ಲೈನ್‌ಗೂ ಒಂದು ನಿಪ್ಪಲ್ ಇರುತ್ತದೆ. ಅಲ್ಲಿ ಸ್ವಲ್ಪ ಸಾಕು. ಜಾಸ್ತಿ ತುಂಬಿದರೆ ಲೋಡ್ ಹಾಕಿದಾಗ ಶಾಫ್ಟ್ ಒಳಗೆ ಜಾರೋಕೆ ಜಾಗ ಇಲ್ಲದೆ ಗ್ರೀಸೇ ಸೀಲನ್ನು ಹೊರಗೆ ತಳ್ಳುತ್ತದೆ.

ಮುಂದಿನ ಕಡೆ ನಿಮ್ಮ ಗಾಡಿ ಯಾವ ಮಾಡೆಲ್ ಅನ್ನೋದರ ಮೇಲೆ ಹೋಗುತ್ತದೆ. ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ದಪ್ಪ ಪಿನ್) ಇರುವ ಗಾಡಿಯಾದರೆ ಚಕ್ರ ಎತ್ತಿಯೇ ಗ್ರೀಸ್ ಹೊಡೆಯಬೇಕು. ಚಕ್ರ ನೆಲದ ಮೇಲೆ ಇದ್ದರೆ ಭಾರ ಕೂತಿರುವ ಮೇಲ್ಮೈಗೆ ಗ್ರೀಸ್ ಹೋಗಲ್ಲ, ಸುಮ್ನೆ ಪಕ್ಕದಿಂದ ಹೊರಗೆ ಬರುತ್ತದೆ. ಸ್ಟಿಯರಿಂಗ್‌ನಿಂದ ಚಕ್ರ ತಿರುಗಿಸುವ ಟೈ ರಾಡ್ ತುದಿಗಳಲ್ಲಿ ನಿಪ್ಪಲ್ ಇದ್ದರೆ ರಬ್ಬರ್ ಬೂಟ್ ಸ್ವಲ್ಪ ಉಬ್ಬುವ ತನಕ ಒತ್ತಿ ನಿಲ್ಲಿಸಿ, ಒಡೆಯುವ ತನಕ ಅಲ್ಲ. ಕಮಾನಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಶಾಕಲ್ ಪಿನ್ನಿಗೆ ನಿಪ್ಪಲ್ ಇದ್ದರೆ ಹೊಡೆಯಿರಿ, ರಬ್ಬರ್ ಬುಷ್ ಇದ್ದರೆ ಗ್ರೀಸ್ ತಾಗಿಸಲೇಬೇಡಿ, ಖನಿಜ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ವೀಲ್ ಬೇರಿಂಗ್‌ಗೆ ಈ ಗನ್ ಬೇಡ. ಅದು ಹಬ್ ಬಿಚ್ಚಿ, ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಒಣಗಿಸಿ, ಅಂಗೈಯಲ್ಲಿ ಗ್ರೀಸ್ ಇಟ್ಟು ರೋಲರ್ ನಡುವೆ ಒತ್ತಿ ತುಂಬುವ ಕೆಲಸ.

ಚಕ್ರ ಎತ್ತೋ ಮಾತು ಬಂತು, ಹಾಗಾಗಿ ಹೇಳುತ್ತೇನೆ. ಎರೆ ಭೂಮಿ ಮೇಲೆ ಬಾಟಲ್ ಜಾಕ್ ಇಟ್ಟರೆ ಗಾಡಿ ಮೇಲೆ ಹೋಗಲ್ಲ, ಜಾಕೇ ಕೆಳಗೆ ಹೋಗುತ್ತದೆ. ದಪ್ಪ ಹಲಗೆ ಹಾಕಿ. ಎತ್ತಿದ ಮೇಲೆ ಸ್ಟ್ಯಾಂಡ್ ಇಡದೆ ಕೆಳಗೆ ತಲೆ ಹಾಕಬೇಡಿ. ಸೈಜುಗಲ್ಲು ಜೋಡಿಸಿ ಅದರ ಮೇಲೆ ಗಾಡಿ ಕೂರಿಸೋದು ನಮ್ಮ ಕಡೆ ಮಾಮೂಲು, ಆದರೆ ಕಲ್ಲು ಸೀಳೋದಕ್ಕೆ ಮುಂಚೆ ಸದ್ದು ಮಾಡಲ್ಲ. ಬರೀ ಕ್ರಾಸ್ ಗ್ರೀಸಿಗೆ ಆದರೆ ಜಾಕೇ ಬೇಡ. ಪಿಕಪ್ ಎತ್ತರ ಸಾಕಷ್ಟಿದೆ, ನಾಲ್ಕೂ ಚಕ್ರ ನೆಲದ ಮೇಲಿದ್ದು, ಮುಂದೆ ಹಿಂದೆ ಕಲ್ಲು ಕೊಟ್ಟರೆ ಹಾಯಾಗಿ ಮಲಗಿ ಮಾಡಬಹುದು.

ಗ್ರೀಸ್ ಯಾವುದು ಅನ್ನೋದಕ್ಕೆ ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಬ್ಬಿ ಮೇಲೆ ಲಿಥಿಯಂ ಅಂತ, ಎನ್‌ಎಲ್‌ಜಿಐ 2 ಅಂತ, ಇಪಿ (ಜಾಸ್ತಿ ಒತ್ತಡ ತಡೆಯುವಂಥದ್ದು) ಅಂತ ಇದ್ದರೆ ಕ್ರಾಸಿಗೆ ಅದೇ ಸರಿ. 2 ಅನ್ನೋದು ಗಟ್ಟಿತನದ ಅಳತೆ, 3 ಅದಕ್ಕಿಂತ ಗಟ್ಟಿ. ಎಪಿ 3 ಅಂತ ಎಲ್ಲಾ ಕಡೆ ಮಾರುವ ಗ್ರೀಸ್ ವೀಲ್ ಬೇರಿಂಗಿಗೆ ಚೆನ್ನ, ಗನ್ನಿನಲ್ಲಿ ಹಾಕಿದರೆ ಸ್ಪ್ರಿಂಗ್ ಅದನ್ನು ಮುಂದೆ ತಳ್ಳೋಕೆ ಒದ್ದಾಡುತ್ತದೆ, ಡಿಸೆಂಬರ್ ಬೆಳಿಗ್ಗೆ ಆದರೆ ಇನ್ನೂ ಕಷ್ಟ. ಅಗ್ಗದ ಚಾಸಿಸ್ ಗ್ರೀಸ್ ಸಾಮಾನ್ಯವಾಗಿ ಕ್ಯಾಲ್ಶಿಯಂದು, ನೀರಿಗೆ ತಡೆಯುತ್ತದೆ, ಬಿಸಿಗೆ ತಡೆಯಲ್ಲ. ಶಾಕಲ್ಲಿಗೆ ಸಾಕು, ಕ್ರಾಸಿಗೆ ಬೇಡ. ಬಣ್ಣ ನೋಡಿ ಗ್ರೀಸ್ ಗುರುತಿಸೋದು ಬಿಟ್ಟುಬಿಡಿ. ಕೆಂಪು, ನೀಲಿ ಎಲ್ಲಾ ಕಂಪನಿ ಬೆರೆಸುವ ಬಣ್ಣ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಿದರೆ ಎರಡೂ ಸೇರಿ ನೀರಾಗಿ ಸೋರಿಹೋಗಬಹುದು, ಅದಕ್ಕೇ ಒಂದು ತರ ಹಿಡಿದರೆ ಅದನ್ನೇ ಮುಂದುವರಿಸಿ.

ನಮ್ಮ ಬಿಸಿಲಿನ ಬಗ್ಗೆ ಒಂದು ದೂರು ಇದೆ, ಪೂರ್ತಿ ಗನ್ನಿನದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗನ್ನನ್ನು ಕ್ಯಾಬಿನ್ನಿನಲ್ಲಿ ಇಟ್ಟರೆ ಬ್ಯಾರಲ್ ಹಿಂದಿನಿಂದ ಎಣ್ಣೆ ಸೋರಿ ಸೀಟ್ ಕೆಳಗೆಲ್ಲಾ ಜಿಡ್ಡು. ಗ್ರೀಸ್ ಅಂದರೆ ಸೋಪಿನಂಥ ವಸ್ತು ಎಣ್ಣೆ ಹೀರಿಕೊಂಡು ಕೂತಿರೋದು. ಸ್ಪ್ರಿಂಗಿನ ಒತ್ತಡ ಒಂದು ಕಡೆ, ಬಿಸಿ ಒಂದು ಕಡೆ, ಎಣ್ಣೆ ಬೇರೆಯಾಗುತ್ತದೆ. ಕೆಲಸ ಆದಮೇಲೆ ಹಿಂದಿನ ರಾಡನ್ನು ಎಳೆದು ಲಾಕ್ ಮಾಡಿ, ಗನ್ನನ್ನು ನೆರಳಲ್ಲಿ ಇಟ್ಟರೆ ಸೋರೋದು ತುಂಬಾ ಕಮ್ಮಿ ಆಗುತ್ತದೆ. ಈ ಗನ್ನಿನಲ್ಲಿ ರಾಡಿನ ಲಾಕ್ ಸ್ವಲ್ಪ ಸಡಿಲ, ಕೈ ತಾಗಿದರೆ ಬಿಟ್ಟುಬಿಡುತ್ತದೆ. ಅದಕ್ಕೆ ಅರ್ಧ ಮಾರ್ಕ್ ಕಟ್.

ನಿಪ್ಪಲ್ ಬಗ್ಗೆ ಸ್ವಲ್ಪ. ಕೆಸರು ಕೂತು ಒಳಗಿನ ಗುಂಡು ಅಲ್ಲಾಡದಿದ್ದರೆ ಎಷ್ಟು ಒತ್ತಡ ಹಾಕಿದರೂ ಗ್ರೀಸ್ ಹೋಗಲ್ಲ. ಪಾನಾದಲ್ಲಿ ಬಿಚ್ಚಿ, ಡೀಸೆಲ್‌ನಲ್ಲಿ ನೆನೆಸಿ, ಪಿನ್ನಿನ ಹಿಂಭಾಗದಿಂದ ಗುಂಡು ಒತ್ತಿ ನೋಡಿ, ಸ್ಪ್ರಿಂಗ್ ವಾಪಸ್ ತಳ್ಳಬೇಕು. ತಳ್ಳದಿದ್ದರೆ ಹೊಸದು ಹಾಕಿ, ಚಹಾ ಬೆಲೆ. ಹಳೇದನ್ನೇ ಅಂಗಡಿಗೆ ತಗೊಂಡು ಹೋಗಿ ಥ್ರೆಡ್ ಹೊಂದಿಸಿಕೊಳ್ಳಿ, ನೋಡೋಕೆ ಒಂದೇ ತರ ಇದ್ದರೂ ಥ್ರೆಡ್ ಬೇರೆ ಇರುತ್ತದೆ. ಕೈ ಎಟುಕದ ಜಾಗಕ್ಕೆ ಬಾಗಿದ ನಿಪ್ಪಲ್ ಸಿಗುತ್ತದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಗನ್, ಲಾಕ್ ಕಪ್ಲರ್, ಒಂದು ಕೆಜಿ ಒಳ್ಳೇ ಗ್ರೀಸ್ ಸೇರಿ ಎರಡು ಸಾವಿರದ ಸುತ್ತಮುತ್ತ. ಗ್ರೀಸಿಂಗ್ ಕೂಲಿ ಉಳಿಸೋಕೆ ಅಂತ ತಗೊಂಡರೆ ಆ ದುಡ್ಡು ವಾಪಸ್ ಬರೋಕೆ ತುಂಬಾ ದಿನ ಬೇಕು. ಲಾಭ ಇರೋದು ಬೇರೆ ಕಡೆ. ಗ್ರೀಸ್ ನೆಪದಲ್ಲಿ ಕೆಳಗೆ ಮಲಗಿದಾಗ ಕಾಣೋದು ಬಹಳ ಇರುತ್ತದೆ: ಹಿಂದಿನ ಚಕ್ರದ ಒಳಮುಖದಲ್ಲಿ ಒದ್ದೆ ಇದ್ದರೆ ವೀಲ್ ಸಿಲಿಂಡರೋ ಆಕ್ಸಲ್ ಸೀಲೋ ಹೋಗಿದೆ, ಬ್ರೇಕ್ ಪೈಪ್ ಎಲ್ಲಿ ಚಾಸಿಸ್‌ಗೆ ಉಜ್ಜುತ್ತಿದೆ, ಕಮಾನಿನಲ್ಲಿ ಯಾವ ಪ್ಲೇಟ್ ಸೀಳಿದೆ, ಯು ಬೋಲ್ಟ್ ನಟ್ ಸಡಿಲ ಆಗಿದೆಯಾ. ನನ್ನ ಗಾಡಿಯಲ್ಲಿ ಸೆಂಟರ್ ಜಾಯಿಂಟಿನ ರಬ್ಬರ್ ಅರ್ಧ ಹರಿದಿದ್ದು ಕಂಡಿದ್ದು ಹೀಗೇ. ಭತ್ತದ ಲೋಡ್ ಹಾಕಿಕೊಂಡು ಹೈವೇಯಲ್ಲಿ ಅದು ಪೂರ್ತಿ ಹರಿದಿದ್ದರೆ ಶಾಫ್ಟ್ ಕೆಳಗೆ ಬಡಿಯುತ್ತಿತ್ತು.

ಬೈಕಿಗೆ ಮಾರುವ ಸಣ್ಣ ಗನ್ ಪಿಕಪ್‌ಗೆ ಸಾಲಲ್ಲ, ಎರಡು ಕ್ರಾಸಿಗೇ ಖಾಲಿ. ಪಿಸ್ತೂಲಿನ ತರ ಹಿಡಿ ಇರುವ ಗನ್ ಒಂದು ಕೈಯಲ್ಲಿ ಆಗುತ್ತದೆ, ಆದರೆ ಒತ್ತಡ ಕಮ್ಮಿ, ಬಿಗಿ ಕೂತ ಜಾಯಿಂಟಿಗೆ ಆಗಲ್ಲ. ಬ್ಯಾಟರಿ ಗನ್ ಜೆಸಿಬಿ, ಹಾರ್ವೆಸ್ಟರ್ ಇಟ್ಟವರಿಗೆ ಸರಿ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಲಾಕ್ ಕಪ್ಲರ್ ಹಾಕಿದ ಮೇಲೆ ನಾಲ್ಕು. ಅಂಗಡಿಯಲ್ಲೇ ತಲೆ ಬಿಚ್ಚಿಸಿ ಥ್ರೆಡ್ ನೋಡಿ, ರಾಡ್ ಎಳೆದು ಲಾಕ್ ನಿಲ್ಲುತ್ತದಾ ನೋಡಿ, ಗಾಳಿ ಸ್ಕ್ರೂ ಇದೆಯಾ ನೋಡಿ. ಒಳಗಿನ ರಬ್ಬರ್ ವಾಷರ್ ಬೇರೆಯಾಗಿ ಸಿಗುತ್ತದಾ ಅಂತ ಕೇಳಿಯೇ ದುಡ್ಡು ಕೊಡಿ. ಸಿಗಲ್ಲ ಅಂದರೆ ಪಕ್ಕದ ಡಬ್ಬಿ ತೆಗೆಸಿ.